ಹನ್ನೆರಡು ತಾಳಿಮೀನು

ಬನ್ನಿ, ಹತ್ತಿರ ಬನ್ನಿ. ಹಿಂದೆ ಕೂತವರಿಗೆ ಕೇಳಿಸದಿದ್ದರೆ ಮುಂದೆ ಬನ್ನಿ, ನಿದ್ದೆ ಬಂದವರು ಈಗಲೇ ಎದ್ದು ಹೋಗಿ. ಈ ಕಥೆಗೆ ನಡುನಡುವೆ ಹೂಂ ಅನ್ನೋರು ಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ.

ಯಾವ ಕಾಲ ಅಂತ ಕೇಳಬೇಡಿ. ಯಾವ ಸೀಮೆ ಅಂತಲೂ ಕೇಳಬೇಡಿ. ಒಂದು ಹೊಳೆ ಇತ್ತು, ಹೊಳೆಯ ದಂಡೆಗೆ ಒಂದು ಊರಿತ್ತು, ಊರಿನವರೆಲ್ಲ ಬೆಸ್ತರು. ಹುಟ್ಟಿದ ಮಗುವಿನ ನಾಲಿಗೆಗೆ ಮೊದಲು ಹೊಳೆಯ ನೀರು ತಾಗಿಸಿ, ಆಮೇಲೆ ತಾಯಿಯ ಹಾಲು ಕೊಡುತ್ತಿದ್ದ ಜನ.

ಊರಿನಿಂದ ಒಂದು ಕೂಗಳತೆ ದೂರದಲ್ಲಿ ಹೊಳೆಯೊಳಗೆ ಒಂದು ಮಡು. ಎರಡು ದೊಡ್ಡ ಬಂಡೆಗಳ ನಡುವೆ ಕಪ್ಪಗೆ, ಆಳವಾಗಿ ನಿಂತ ನೀರು. ಆ ಮಡುವಿನಲ್ಲಿ ತಾಳಿಮೀನು. ಎಂಥ ಮೀನು ಅದು? ಹೇಳುತ್ತೇನೆ, ಕೇಳಿ. ಬೆನ್ನು ಕಪ್ಪು. ಮೇಲಿಂದ ನೋಡಿದರೆ ಹತ್ತರ ಜೊತೆ ಹನ್ನೊಂದನೆಯ ಮೀನು, ಅಷ್ಟೇ. ಗಂಟಲ ಕೆಳಗೆ ಮಾತ್ರ ಅರಿಶಿನದಲ್ಲಿ ಅದ್ದಿ ಇಟ್ಟಂಥ ಒಂದು ಬೊಟ್ಟು, ತಾಳಿ ಕಟ್ಟಿದ ಹಾಗೆ. ಅದು ಮಡು ಕಾಯುವ ದೇವಿ ಮಡುವಮ್ಮ ಕಟ್ಟಿದ್ದು ಅನ್ನೋರು. ಆ ಮೀನನ್ನು ತಿನ್ನುವಂತಿಲ್ಲ, ಹಿಡಿಯುವಂತಿಲ್ಲ, ಕೈಯಲ್ಲಿ ಮುಟ್ಟುವಂತಿಲ್ಲ.

ಮುಟ್ಟದೆ, ಹಿಡಿಯದೆ, ಗಂಟಲ ಕೆಳಗಿನ ಬೊಟ್ಟು ಕಾಣುವುದು ಹೇಗೆ? ಕಾಣುತ್ತಿತ್ತು, ವರ್ಷಕ್ಕೊಮ್ಮೆ. ಮುಂಗಾರಿನ ಮೊದಲ ಕೆಂಪು ನೀರು ಬಂದ ದಿನ ಮೀನುಗಳು ಮಡು ಬಿಟ್ಟು ಏಳುತ್ತಿದ್ದವು. ಸೆಳವಿಗೆ ಎದುರಾಗಿ, ಬಂಡೆಯಿಂದ ಬಂಡೆಗೆ ಹಾರಿ, ಮೇಲೆ ಮೇಲೆ ಹೋಗಿ ಮೊಟ್ಟೆ ಇಡುತ್ತಿದ್ದವು. ಹಾರುವಾಗ ಹೊಟ್ಟೆ ಮೇಲಾಗಿ ಹಳದಿ ಮಿಂಚು ಕಾಣುತ್ತಿತ್ತು. ಕಂಡ ಕೂಡಲೇ ಊರಿನ ಹಿರಿಯ ಹೆಂಗಸೊಬ್ಬಳು ದಂಡೆಯ ಮೇಲೆ ನಿಂತು, ಹೊಳೆಗೆ ಪುರುಡು, ಹೊಳೆಗೆ ಪುರುಡು, ಹೊಳೆಗೆ ಪುರುಡು ಅಂತ ಮೂರು ಸಲ ಕೂಗುತ್ತಿದ್ದಳು. ಪುರುಡು ಅಂದರೆ ನಮ್ಮ ಕಡೆ ಹೆರಿಗೆಯಾದ ಮನೆಯ ಮೈಲಿಗೆ. ನಿಮ್ಮ ಕಡೆ ಏನಂತಾರೋ ಕಾಣೆ. ಹನ್ನೊಂದು ದಿನ ಹೊಳೆ ಬಾಣಂತಿ. ಬಲೆ ಇಲ್ಲ, ಗಾಳ ಇಲ್ಲ, ಬಟ್ಟೆ ಒಗೆಯುವುದಿಲ್ಲ, ನೀರಿಗೆ ಕಾಲಿಡುವಂತಿಲ್ಲ. ಆಮೇಲೆ ಒಣಶುಂಠಿ, ಬೆಳ್ಳುಳ್ಳಿ, ಬೆಲ್ಲ ಕುಟ್ಟಿ ಉಂಡೆ ಕಟ್ಟಿ, ಬಾಣಂತಿಗೆ ಕೊಟ್ಟ ಹಾಗೆ ನೀರಿಗೆ ಬಿಟ್ಟ ಮೇಲೆಯೇ ಬಲೆ.

ಹಾಗೆ ಕೂಗುವ ಹೆಂಗಸಿಗೆ ಹೊಳೆಸೂಲಗಿತ್ತಿ ಅಂತ ಹೆಸರು. ನಮ್ಮ ಕಥೆಯ ಕಾಲಕ್ಕೆ ಆ ಕೆಲಸ ದ್ಯಾವವ್ವನದು. ದ್ಯಾವವ್ವನಿಗೆ ಒಬ್ಬಳೇ ಮಗಳು, ಮುದ್ದೀರಿ. ಮುದ್ದೀರಿಯ ಗಂಡ ತಿಪ್ಪ. ತಿಪ್ಪ ಬಲೆ ಬೀಸಿದರೆ ಅದು ಗಾಳಿಯಲ್ಲಿ ಹೂವಿನ ಹಾಗೆ ಅರಳಿ ಬೀಳುತ್ತಿತ್ತು. ನೋಡೋಕೆ ಅಂತಲೇ ಆಚೆ ದಂಡೆಯ ಜನ ಬಂದು ಕೂರುತ್ತಿದ್ದರು. ಗಂಡ ಬಲೆ ಬೀಸುವಾಗ ಮುದ್ದೀರಿ ಕೆಲಸವಿಲ್ಲದಿದ್ದರೂ ಏನೋ ನೆಪ ಮಾಡಿಕೊಂಡು ಹೊಳೆಗೆ ಬರುತ್ತಿದ್ದಳು.

ಹೀಗಿರಬೇಕಾದರೆ ಆ ಸೀಮೆಯ ದೊರೆಗೆ ಕೋಟೆ ಕಟ್ಟುವ ಮನಸ್ಸಾಯಿತು. ಕೋಟೆಗೆ ಕಲ್ಲು ಬೇಕು. ಕಲ್ಲು ಎಲ್ಲಿದೆ? ಹೊಳೆಯಲ್ಲಿದೆ. ಮಡುವಿನ ಬಂಡೆ, ಮಡುವಿನ ಮೇಲಿನ ಬಂಡೆ, ಅದರ ಮೇಲಿನದು. ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕುವುದು, ಕಾದ ಬಂಡೆಗೆ ನೀರು ಸುರಿಯುವುದು, ಫಟ್ ಅಂತ ಸೀಳುವುದು. ಬೂದಿ, ಪುಡಿ, ಸುಣ್ಣ ಎಲ್ಲ ಎಲ್ಲಿಗೆ ಹೋಗಬೇಕು? ಹೊಳೆಗೇ.

ಊರಿನವರು ದೊರೆಯ ಹತ್ತಿರ ಹೋದರು. ದೊರೆ ಕೆಟ್ಟವನಲ್ಲ, ನೋಡಿ. ಎಲ್ಲರಿಗೂ ಮಜ್ಜಿಗೆ ಕೊಡಿಸಿ, ಕೂರಿಸಿ, ಪೂರ್ತಿ ಕೇಳಿದ. ಕೇಳಿ, ನಿಮ್ಮ ಮೀನಿಗೆ ನಾನು ಒಂದು ಕೂದಲೂ ಕೊಂಕದ ಹಾಗೆ ನೋಡಿಕೊಳ್ಳುತ್ತೇನೆ ಅಂದ. ಅರಮನೆಯ ಹಿಂದೆ ಕಲ್ಲು ಕಟ್ಟಿಸಿದ ಕೊಳ ತೋರಿಸಿದ. ದಿನಾ ಬಾವಿಯಿಂದ ಹೊಸ ನೀರು, ದಿನಾ ಮಂಡಕ್ಕಿ. ನೀರುನಾಯಿಯ ಕಾಟವಿಲ್ಲ, ಕೊಕ್ಕರೆಯ ಕಾಟವಿಲ್ಲ. ಹನ್ನೆರಡು ಮೀನು ಒಯ್ಯುತ್ತೇನೆ, ಕೋಟೆ ಮುಗಿದ ದಿನ ಹನ್ನೆರಡು ಮೀನು ತಂದು ಬಿಡುತ್ತೇನೆ ಅಂತ ನೀರು ಮುಟ್ಟಿ ಆಣೆ ಮಾಡಿದ. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದ್ಯಾವವ್ವ ಮಾತ್ರ ಎದ್ದು ನಿಂತಳು.

"ಮೀನು ತಗಂಡು ಹೋಗಬೌದು ದೊರೆ, ಹೊಳೇನ ಹೆಂಗೆ ತಗಂಡು ಹೋಗ್ತೀರಿ?"

ದೊರೆ ನಕ್ಕ. ಮುದುಕಿಯ ಮಾತು ಚೆನ್ನಾಗಿದೆ ಅಂತ ಅವಳಿಗೊಂದು ಸೀರೆ ಕೊಡಿಸಿದ. ಸೀರೆ ಉಡಲಾರದೆ, ಎಸೆಯಲಾರದೆ, ದ್ಯಾವವ್ವ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಊರಿಗೆ ನಡೆದಳು.

ಮೀನಿನ ಮೇಲೆ ತನಗೆ ಎಷ್ಟು ಅಕ್ಕರೆ ಅಂತ ಲೋಕಕ್ಕೆ ಗೊತ್ತಾಗಲಿ ಅಂತ ದೊರೆ ಒಂದು ಕಟ್ಟಳೆ ಮಾಡಿದ. ಒಂದು ಮೀನು ಸತ್ತರೆ ಕಾಯುವವನ ಒಂದು ಬೆರಳು. ಆಸ್ಥಾನದವರು ಭಲೆ ಭಲೆ ಅಂದರು. ಕಾಯುವವನು ಯಾರು? ಮೀನಿನ ಮರ್ಮ ಬಲ್ಲವನು ಯಾರು? ತಿಪ್ಪ. ಬೇಡ ಅನ್ನೋಕೆ ಅವನಿಗೆ ಬಾಯಿ ಎಲ್ಲಿತ್ತು? ದೊರೆಯ ಆಳುಗಳು ಹನ್ನೆರಡು ಮೀನನ್ನು ಕೈ ತಾಗಿಸದೆ ಬಲೆಯಿಂದಲೇ ಕೊಪ್ಪರಿಗೆಗೆ ಇಳಿಸಿ, ಗಾಡಿಯಲ್ಲಿ ಒಯ್ದರು. ಹಿಂದೆ ತಿಪ್ಪ, ಅವನ ಹಿಂದೆ ಮುದ್ದೀರಿ. ಅವರು ಊರಿನ ಗಡಿ ದಾಟುವ ಹೊತ್ತಿಗೆ ಬಂಡೆಗಳ ಮೇಲೆ ಹೊಗೆ ಎದ್ದಿತ್ತು.

ಮೊದಲನೆಯ ಮಳೆಗಾಲ ಬಂತು. ಗುಡುಗು ಕೇಳಿದ್ದೇ ಕೊಳದ ಮೀನುಗಳಿಗೆ ಹುಚ್ಚು ಹಿಡಿಯಿತು. ಗೋಡೆಯ ಗುಂಟ ಸುತ್ತಿದವು, ಸುತ್ತಿದವು, ಸೆಳವು ಎಲ್ಲಿದೆ ಅಂತ ಹುಡುಕಿ ಹುಡುಕಿ ಸುತ್ತಿದವು. ನೀರು ಬೀಳುವ ತೂಬಿನ ಕಲ್ಲಿಗೆ ಮೂತಿ ಜಜ್ಜಿಕೊಂಡವು. ಒಂದು ಮೀನು ಹಾರಿತು. ಆಚೆಗೆ ಹೊಳೆ ಇದೆ ಅಂದುಕೊಂಡಿತೋ ಏನೋ. ಚಪ್ಪಡಿಯ ಮೇಲೆ ಬಿದ್ದು, ಒದ್ದಾಡಿ ಸತ್ತಿತು.

ತಿಪ್ಪ ಸುಳ್ಳು ಹೇಳುವವನಲ್ಲ. ಸತ್ತ ಮೀನನ್ನು ಎಲೆಯಲ್ಲಿ ಸುತ್ತಿಕೊಂಡು ನೇರ ದೊರೆಯ ಮುಂದೆ ಹೋಗಿ ನಿಂತ. ದೊರೆ ಕಣ್ಣೀರು ಹಾಕಿದ. ಹಾಕಿ, ಬಲಗೈಯ ಹೆಬ್ಬೆರಳು ತೆಗೆಸಿದ. ಕಿರುಬೆರಳು ತೆಗೀರಿ ಸ್ವಾಮಿ ಅಂತ ತಿಪ್ಪ ಕೇಳಿಕೊಂಡನಂತೆ. ಮೊದಲು ಹೆಬ್ಬೆರಳು, ಆಮೇಲೆ ಉಳಿದವು ಅಂತ ಕಟ್ಟಳೆ ಇದೆ ಅಂದರಂತೆ. ಹೆಬ್ಬೆರಳಿಲ್ಲದ ಕೈಯಲ್ಲಿ ಬಲೆ ಬೀಸುವುದು ಹೇಗೆ? ತಿಪ್ಪ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಮುದ್ದೀರಿ ಆ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಬೆಳಗಿನವರೆಗೂ ಕೂತಿದ್ದಳು.

ಹನ್ನೆರಡಕ್ಕೆ ಒಂದು ಕಡಿಮೆಯಾಯಿತಲ್ಲ, ಅದನ್ನು ತುಂಬೋಕೆ ದೊರೆಯ ಆಳುಗಳು ಮಡುವಿಗೆ ಹೋದರು. ಮಡುವಿನ ನೀರು ಆಗಲೇ ಸುಣ್ಣದ ತಿಳಿಯ ಹಾಗಾಗಿತ್ತು. ಮೂರು ದಿನ ಜಾಲಾಡಿ ಒಂದು ತಂದರು. ಇನ್ನು ಅಲ್ಲಿ ಏನೂ ಇಲ್ಲ, ಇದೇ ಕೊನೆಯದು ಅಂದರು.

ಎರಡನೆಯ ಮಳೆಗಾಲ ಬಂತು. ಒಂದು ಬೆಳಿಗ್ಗೆ ಮುದ್ದೀರಿ ಮಂಡಕ್ಕಿ ಹಾಕೋಕೆ ಹೋದರೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದೆ. ಗಂಟಲಿನ ಬೊಟ್ಟು ತೊಳೆದುಹೋದ ಹಾಗೆ ಬಿಳಿಚಿದೆ. ಅತ್ತ ನೋಡಿದಳು, ಯಾರೂ ಇಲ್ಲ. ಇತ್ತ ನೋಡಿದಳು, ಯಾರೂ ಇಲ್ಲ. ಮುಟ್ಟಬಾರದ ಮೀನನ್ನು ಮುಟ್ಟಿದಳು. ಸೆರಗಿನಲ್ಲಿ ಸುತ್ತಿ ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಹೂತಳು. ಕೈ ತೊಳೆದುಕೊಂಡು ಸಂತೆಗೆ ನಡೆದಳು.

ಆ ಪಟ್ಟಣದ ಕೆರೆಯಲ್ಲಿ ಮುಕ್ಕ ಅಂತ ಒಂದು ಮೀನು. ಸಿಕ್ಕಿದ್ದನ್ನೆಲ್ಲ ಮುಕ್ಕುತ್ತದೆ, ಅದಕ್ಕೇ ಆ ಹೆಸರು. ಹುಳ ತಿನ್ನುತ್ತದೆ, ಕಪ್ಪೆ ತಿನ್ನುತ್ತದೆ, ಬೇರೆ ಮೀನಿನ ಮರಿ ಕಂಡರಂತೂ ಒಂದನ್ನೂ ಬಿಡುವುದಿಲ್ಲ. ಆದರೆ ಮೇಲಿಂದ ನೋಡಿದರೆ ತಾಳಿಮೀನಿನದೇ ಉದ್ದ, ಅದೇ ಕಪ್ಪು ಬೆನ್ನು. ಮೀನು ಮಾರುವವಳ ಹತ್ತಿರ ಮುದ್ದೀರಿ ಜೀವಂತ ಮುಕ್ಕ ಕೇಳಿದಳು.

"ಜೀವಂತಾನೇ ಯಾಕವ್ವ? ಮನೇಲಿ ಗಂಡ ಮಾತಾಡಲ್ವಾ, ಇದರ ಜೊತೆ ಮಾತಾಡ್ತೀಯಾ?" ಅಂದಳು ಅವಳು. ಸುತ್ತ ಇದ್ದ ಹೆಂಗಸರು ನಕ್ಕರು. ಮುದ್ದೀರಿಯೂ ನಕ್ಕಳು. ನಗದಿದ್ದರೆ ಅನುಮಾನ ಬರುತ್ತದಲ್ಲ.

ಹುಣ್ಣಿಮೆಗೊಮ್ಮೆ ಅರಮನೆಯಿಂದ ಎಣಿಸುವವನು ಬರುತ್ತಿದ್ದ. ಎಡಗೈಯಲ್ಲಿ ಹನ್ನೆರಡು ಹರಳು. ಒಂದು ಬೆನ್ನು ಕಂಡರೆ ಒಂದು ಹರಳು ಬಲಗೈಗೆ. ಆ ಸಲವೂ ಬಂದ, ಕೊಳದ ಮೇಲೆ ಬಗ್ಗಿದ, ಎಣಿಸಿದ. ಹನ್ನೆರಡು. ಎಲೆ ಅಡಿಕೆ ಹಾಕಿಕೊಂಡು ಹೋದ.

ತಿಪ್ಪನಿಗೆ ಗೊತ್ತಾಗಲಿಲ್ಲವೇ? ಮೂರನೆಯ ದಿನ ಗೊತ್ತಾಯಿತು. ಮಂಡಕ್ಕಿ ಹಾಕಿದಾಗ ಹನ್ನೊಂದು ಮೀನು ಮೆಲ್ಲಗೆ ಬಂದವು, ಒಂದು ಮಾತ್ರ ನಾಯಿಯ ಹಾಗೆ ನುಗ್ಗಿತು. ಅವನು ಆ ಮೀನನ್ನು ನೋಡಿದ, ಹೆಂಡತಿಯನ್ನು ನೋಡಿದ, ತನ್ನ ಕೈ ನೋಡಿಕೊಂಡ. ಇನ್ನೊಂದು ಹಿಡಿ ಮಂಡಕ್ಕಿ ಹಾಕಿದ. ಆ ಮಳೆಗಾಲ ಮುಗಿಯುವುದರೊಳಗೆ ಇನ್ನೂ ನಾಲ್ಕು ಸತ್ತವು. ಇನ್ನೂ ನಾಲ್ಕು ಮುಕ್ಕ ಬಂದವು.

ಮೂರನೆಯ ಮಳೆಗಾಲಕ್ಕೆ ಮುಂಚೆ, ಹಣೆಗೆ ಬೆವರು, ಕಾಲಿಗೆ ಧೂಳು, ಕೈಯಲ್ಲಿ ಒಂದು ಖಾಲಿ ಮಡಕೆ ಹಿಡಿದುಕೊಂಡು ದ್ಯಾವವ್ವ ಬಂದಳು. ಮೂರು ದಿನದ ದಾರಿ ನಡೆದಿದ್ದಳು. ಮಗಳು ಕೊಟ್ಟ ನೀರು ಕುಡಿದು, ಊರಿನ ಸುದ್ದಿ ಹೇಳಿದಳು. ಮಡುವಿನಲ್ಲಿ ಕಪ್ಪೆ ಕೂಡ ಕೂಗುತ್ತಿಲ್ಲ. ಎರಡು ವರ್ಷದಿಂದ ಪುರುಡು ಕೂಗಿಲ್ಲ. ಬಸಿರಾಗದ ಹೊಳೆಗೆ ಏನಂತ ಕೂಗಲಿ? ಆದರೆ ಪೂರ್ವದ ಗುಡ್ಡದಲ್ಲಿ ಒಂದು ಝರಿ ಇದೆ, ಅಲ್ಲಿಗೆ ಕಲ್ಲು ಒಡೆಯುವವರು ಇನ್ನೂ ಹೋಗಿಲ್ಲ, ಕೆಂಪು ನೀರು ಬರುತ್ತದೆ, ಸೆಳವಿದೆ, ಬಂಡೆ ಇದೆ. ಎರಡು ಹೆಣ್ಣು, ಒಂದು ಗಂಡು, ಮೂರೇ ಮೂರು ಮೀನು ಕೊಡು ಮಗಳೇ, ಒದ್ದೆಯ ಪಾಚಿ ತುಂಬಿಕೊಂಡು ಈ ಮಡಕೆಯಲ್ಲಿ ಹೊತ್ತುಕೊಂಡು ಹೋಗುತ್ತೇನೆ ಅಂದಳು.

ಮುದ್ದೀರಿ ಆಗಲ್ಲ ಅಂದಳು. ಎಣಿಸುವವನು ಬರುತ್ತಾನೆ, ಒಂದು ಕಡಿಮೆಯಾದರೂ ತಿಪ್ಪನ ಬೆರಳು ಹೋಗುತ್ತದೆ ಅಂದಳು. ಅಷ್ಟೇ ಅಲ್ಲ, ಝರಿಯಲ್ಲಿ ನೀರುನಾಯಿ ಇದೆ, ಇಲ್ಲಿ ಮೀನಿಗೆ ಯಾವ ಭಯವೂ ಇಲ್ಲ, ಹೊತ್ತಿಗೆ ಹೊತ್ತಿಗೆ ಮಂಡಕ್ಕಿ ಅಂದಳು. ಮಂಡಕ್ಕಿಯ ಮಾತು ಬಂದಾಗ ದ್ಯಾವವ್ವ ಮಗಳ ಮುಖವನ್ನೇ ನೋಡುತ್ತಿದ್ದಳು.

"ಮೂರರ ಬದಲಿಗೆ ಬೇರೆ ಯಾವುದಾದರೂ ಮೂರು ಹಾಕು. ಎಣಿಸೋನಿಗೆ ಏನು ತಿಳೀತದೆ?"

ಮುದ್ದೀರಿಯ ಕಣ್ಣು ನೆಲಕ್ಕೆ ಹೋಯಿತು. ಸೂಲಗಿತ್ತಿಯ ಕಣ್ಣು, ಬಸುರಿಯ ಮುಖ ನೋಡಿಯೇ ತಿಂಗಳು ಹೇಳುವ ಕಣ್ಣು, ಅದಕ್ಕೆ ತಿಳಿಯದೇ ಇರುತ್ತದೆಯೇ?

"ಈಗಾಗಲೇ ಎಷ್ಟು ಹಾಕೀಯ?"

"ಐದು."

"ನಿಜವಾದವು?"

"ಏಳು ಅವೆ ಅವ್ವ."

ದ್ಯಾವವ್ವ ಬೈಯಲಿಲ್ಲ, ಅಳಲಿಲ್ಲ. ಐದು ಹಾಕಿದ ಕೈಗೆ ಇನ್ನು ಮೂರು ಭಾರವೇ ಅಂತ ಕೇಳಿದಳು. ಮುದ್ದೀರಿ ಬೇಡಿಕೊಂಡಳು. ಒಂದೊಂದೇ ಮುಕ್ಕವನ್ನು ಸೆರಗಲ್ಲಿ ಬಚ್ಚಿಟ್ಟು ತಂದವಳು ನಾನು, ಒಂದೇ ಸಲ ಮೂರು ತರೋಕೆ ಹೋದರೆ ಕಾವಲಿನವರು ಹಿಡೀತಾರೆ, ಈಗ ಹಬ್ಬದ ದಿನ, ಅರಮನೆ ತುಂಬ ಜನ. ಬರುವ ಮಳೆಗಾಲಕ್ಕೆ ಬಾ ಅವ್ವ, ಮೂರಲ್ಲ, ನಾಲ್ಕು ಕೊಡುತ್ತೇನೆ ಅಂದಳು. ಅವಳು ಮನಸಾರೆಯೇ ಅಂದಳು. ಹೆದರಿದವರು ಸುಳ್ಳು ಹೇಳುವುದಿಲ್ಲ, ಮುಂದಕ್ಕೆ ಹಾಕುತ್ತಾರೆ.

ದ್ಯಾವವ್ವ ಮಡಕೆ ಎತ್ತಿಕೊಂಡಳು. ಊಟ ಮಾಡಿ ಹೋಗು ಅಂದರೆ ಹಸಿವಿಲ್ಲ ಅಂದಳು. ಬಂದ ದಾರಿಯಲ್ಲೇ ಖಾಲಿ ಮಡಕೆ ಹೊತ್ತು ನಡೆದಳು. ಆ ಮಳೆ ನಿಲ್ಲುವ ಮುಂಚೆ, ದ್ಯಾವವ್ವ ತೀರಿಕೊಂಡಳು ಅಂತ ಸುದ್ದಿ ಬಂತು. ಮಗಳು ಹೋಗುವಷ್ಟರಲ್ಲಿ ಮಣ್ಣಾಗಿತ್ತು.

ಏಳು ನಾಲ್ಕಾಯಿತು. ನಾಲ್ಕು ಎರಡಾಯಿತು. ಎರಡು ಒಂದಾಯಿತು. ಉಳಿದದ್ದು ಒಂದು ಹೆಣ್ಣು. ಮಳೆ ಬಂದಾಗ ಅದರ ಹೊಟ್ಟೆ ಮೊಟ್ಟೆಯಿಂದ ಊದಿಕೊಂಡಿತು. ಹತ್ತೋಕೆ ಸೆಳವಿಲ್ಲ, ಇಡೋಕೆ ಮರಳಿಲ್ಲ, ಜೊತೆಗೆ ಗಂಡಿಲ್ಲ. ಮುದ್ದೀರಿ ಬಿಂದಿಗೆಯಲ್ಲಿ ಕೆಮ್ಮಣ್ಣು ಕದಡಿ ತಂದು ಕೊಳದ ಮೂಲೆಗೆ ಸುರಿದಳು. ಮೀನು ಆ ಕೆಂಪಿನ ಕಡೆ ಒಂದು ಸಲ ಬಂತು. ಸುತ್ತಿ ನೋಡಿ ತಿರುಗಿ ಹೋಯಿತು. ಎಂಟನೆಯ ದಿನ ಹೊಟ್ಟೆಯಲ್ಲಿ ಮೊಟ್ಟೆ ಇಟ್ಟುಕೊಂಡೇ ಸತ್ತಿತು. ನುಗ್ಗೆಮರದ ಬುಡದಲ್ಲಿ ಹನ್ನೆರಡನೆಯ ಗುಣಿ. ಕೊಳದಲ್ಲಿ ಹನ್ನೆರಡನೆಯ ಮುಕ್ಕ.

ಇಷ್ಟಾದರೂ ಹೊರಗೆ ಏನು ನಡೆಯುತ್ತಿತ್ತು ಗೊತ್ತೇ? ದೊರೆಯ ಕೊಳ ಊರೂರಿಗೆ ಹೆಸರಾಗಿತ್ತು. ಪರದೇಶದ ದೊರೆಗಳು ಬಂದರೆ ಮೊದಲು ಕೊಳ ತೋರಿಸುವುದು. ಅಯ್ಯಾ, ನಮ್ಮ ಗುಡ್ಡ ಒಡೆಯಬೇಡಿ ಅಂತ ಯಾರಾದರೂ ಬಂದರೂ ಕೊಳ ತೋರಿಸುವುದು. ನೋಡಿ, ಹೊಳೆಯ ಮೀನಿಗೆ ಏನಾದರೂ ಆಗಿದೆಯೇ? ನಿಮ್ಮ ಗುಡ್ಡದ ನವಿಲಿಗೂ ಒಂದು ಪಂಜರ ಕಟ್ಟಿಸುತ್ತೇನೆ, ನಿಮ್ಮ ಜೇನಿಗೂ ಒಂದು ಗೂಡು ಮಾಡಿಸುತ್ತೇನೆ. ಬಂದವರು ಬಗ್ಗಿ ನೋಡುತ್ತಿದ್ದರು. ಹನ್ನೆರಡು ಕಪ್ಪು ಬೆನ್ನು, ಕೊಬ್ಬಿದ ಬೆನ್ನು. ಸಮಾಧಾನವಾಗಿ ಹೋಗುತ್ತಿದ್ದರು. ಪೂರ್ವದ ಗುಡ್ಡ ಹೋಯಿತು, ಅದರ ಝರಿ ಹೋಯಿತು. ಪ್ರತಿ ಸಲವೂ ಮುದ್ದೀರಿ ಕೊಳದ ಪಕ್ಕದಲ್ಲಿ ಮಂಡಕ್ಕಿಯ ಮೊರ ಹಿಡಿದು ನಿಂತಿರುತ್ತಿದ್ದಳು.

ಹನ್ನೆರಡು ವರ್ಷಕ್ಕೆ ಕೋಟೆ ಮುಗಿಯಿತು. ದೊರೆ ಮಾತಿಗೆ ತಪ್ಪುವವನಲ್ಲ. ಮುಂಗಾರಿಗೆ ಮುಂಚೆ ಒಳ್ಳೆಯ ದಿನ ನೋಡಿಸಿ, ಕೊಪ್ಪರಿಗೆಗೆ ಹೂವು ಸುತ್ತಿಸಿ, ಡೋಲು ಕಹಳೆ ಮುಂದಿಟ್ಟುಕೊಂಡು ತಾನೇ ಹೊರಟ. ಹಿಂದೆ ತಿಪ್ಪ, ಅವನ ಹಿಂದೆ ಮುದ್ದೀರಿ.

ದಾರಿಯುದ್ದಕ್ಕೂ ಮುದ್ದೀರಿಯ ಎದೆ ಹಗುರಾಗಿತ್ತು. ಯಾಕೆ ಅಂತೀರಾ? ಸತ್ತ ಹೊಳೆಗೆ ಮುಕ್ಕ ಬಿಟ್ಟರೇನು, ಕಲ್ಲು ಬಿಟ್ಟರೇನು? ಯಾರಿಗೂ ಕೇಡಿಲ್ಲ. ಬದುಕಿದರೆ ಬದುಕಲಿ, ಸತ್ತರೆ ತಪ್ಪನ್ನು ಹೊಳೆಯ ಮೇಲೆ ಹಾಕಬಹುದು. ಎಣಿಸುವವನ ಹರಳು ಇಂದಿಗೆ ಮುಗಿಯುತ್ತದೆ. ತಿಪ್ಪನಿಗೆ ಒಂಬತ್ತು ಬೆರಳು ಉಳಿದಿವೆ. ಹೀಗೆ ಅಂದುಕೊಂಡು ನಡೆದಳು.

ಊರು ಬಂತು. ಹೊಳೆ ಬಂತು. ಊರಿನವರೆಲ್ಲ ದಂಡೆಯಲ್ಲಿ ಸೇರಿದ್ದರು, ಹೆಂಗಸರು ಆರತಿ ಹಿಡಿದಿದ್ದರು. ಕೊಪ್ಪರಿಗೆ ಇಳಿಸುವಷ್ಟರಲ್ಲಿ ಮುದ್ದೀರಿ ಕಾಲು ತೊಳೆಯೋಣ ಅಂತ ನೀರಿಗೆ ಇಳಿದಳು. ಕಲ್ಲು ಒಡೆಯುವುದು ನಿಂತು ಎರಡು ವರ್ಷವಾಗಿತ್ತು. ಎರಡು ಮುಂಗಾರು ಹೊಳೆಯನ್ನು ತೊಳೆದಿದ್ದವು. ನೀರು ತಿಳಿಯಾಗಿತ್ತು, ಆದರೆ ಸತ್ತ ಹೊಳೆ ಅಂತ ಊರಿನವರು ಯಾರೂ ಇಳಿದು ನೋಡಿರಲಿಲ್ಲ. ಅವಳ ಹಿಮ್ಮಡಿಗೆ ಏನೋ ಕಚಗುಳಿ ಇಟ್ಟ ಹಾಗಾಯಿತು. ಬಗ್ಗಿ ನೋಡಿದಳು. ಬೆರಳುದ್ದದ ಮರಿಗಳು. ಹತ್ತಲ್ಲ, ಇಪ್ಪತ್ತಲ್ಲ, ನೀರೇ ಕಪ್ಪಾಗುವಷ್ಟು. ಒಂದು ಮರಿ ಹೊರಳಿತು. ಗಂಟಲ ಕೆಳಗೆ ಸಾಸಿವೆಯಷ್ಟು ಅರಿಶಿನ.

ಎಲ್ಲಿ ಅಡಗಿದ್ದವೋ. ಯಾವ ಬಂಡೆಯ ಸಂದಿನಲ್ಲಿ ಎರಡೋ ಮೂರೋ ಉಸಿರು ಹಿಡಿದುಕೊಂಡು ಕೂತಿದ್ದವೋ. ಯಾರೂ ಕಾಯಲಿಲ್ಲ, ಯಾರೂ ಮಂಡಕ್ಕಿ ಹಾಕಲಿಲ್ಲ, ಯಾರೂ ಎಣಿಸಲಿಲ್ಲ. ಹೊಳೆ ತನ್ನದನ್ನು ತಾನೇ ಇಟ್ಟುಕೊಂಡಿತ್ತು.

ಮುದ್ದೀರಿ ಒದ್ದೆ ಸೀರೆಯಲ್ಲೇ ಓಡಿಬಂದು ಕೊಪ್ಪರಿಗೆಗೆ ಅಡ್ಡ ನಿಂತಳು. ಇಷ್ಟು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದಳು.

"ಸುರೀಬೇಡಿ. ಇವು ತಾಳಿಮೀನಲ್ಲ, ಕೆರೆಯ ಮುಕ್ಕ. ತಾಳಿಮೀನೆಲ್ಲ ಸತ್ತು ಎಷ್ಟೋ ವರ್ಷ ಆಯ್ತು, ನಾನೇ ಹೂತೆ, ನಾನೇ ಇವನ್ನ ತಂದು ಹಾಕಿದೆ. ಹೊಳೇಲಿ ಮರಿ ಅವೆ, ಅಮ್ಮನ ಮರಿ ಅವೆ. ಇವು ಇಳಿದರೆ ಒಂದೂ ಉಳಿಯಲ್ಲ."

ಡೋಲು ನಿಂತಿತು. ದೊರೆಯ ಮುಖ ಕಪ್ಪಾಯಿತು. ಎಣಿಸುವವನು ಹರಳು ತೆಗೆದು, ಬಗ್ಗಿ, ಎಣಿಸಿ, ಹನ್ನೆರಡು ಇವೆ ಸ್ವಾಮಿ ಅಂದ. ಊರಿನ ಒಬ್ಬ ಮುದುಕ ಬಂದು ಇಣುಕಿದ. ದಾರಿಯ ಕುಲುಕಾಟಕ್ಕೆ ನೀರು ಕದಡಿತ್ತು, ಕಂಡದ್ದು ಕಪ್ಪು ಬೆನ್ನು. ಒಂದನ್ನು ಹೊರಳಿಸಿ ನೋಡಿ ಅಂತ ಮುದ್ದೀರಿ ಕೈ ಮುಗಿದಳು. ಅಮ್ಮನ ಮೀನು ಮುಟ್ಟೋರು ಯಾರು? ಒಬ್ಬರೂ ಕೈ ಚಾಚಲಿಲ್ಲ.

ದೊರೆ ತಿಪ್ಪನ ಕಡೆ ತಿರುಗಿದ. ಇವಳು ಹೇಳುವುದು ನಿಜವೇ? ನಿಜವಾದರೆ ನನ್ನ ಆಣೆ ಮುರಿಸಿದವಳಿಗೆ ಬೆರಳಲ್ಲ, ತಲೆ ಅಂದ. ತಿಪ್ಪ ಹೆಂಡತಿಯನ್ನು ನೋಡಿದ. ಅವಳು ಅವನನ್ನು ನೋಡಿ, ಹೇಳು, ಹೇಳಿಬಿಡು ಅನ್ನುವ ಹಾಗೆ ತಲೆ ಆಡಿಸಿದಳು. ಎಂದೂ ಸುಳ್ಳು ಹೇಳದವನು ಆ ತಿಪ್ಪ. ಅವನ ಮಾತು ಅಂದರೆ ದೊರೆಗೂ ನಂಬಿಕೆ, ಊರಿಗೂ ನಂಬಿಕೆ.

"ಅವರವ್ವ ಸತ್ತಾಗಿನಿಂದ ಇವಳಿಗೆ ಬುದ್ಧಿ ನೆಟ್ಟಗಿಲ್ಲ ಸ್ವಾಮಿ," ಅಂದ ತಿಪ್ಪ. "ಮೀನು ಅವೇ."

ದೊರೆಯ ಮುಖ ಅರಳಿತು. ಪಾಪ ಅಂದ. ನಾಲ್ವರು ಕೊಪ್ಪರಿಗೆ ಎತ್ತಿ ಬಾಗಿಸಿದರು. ಹನ್ನೆರಡು ಕಪ್ಪು ಬೆನ್ನು ನೀರಿಗೆ ಇಳಿದವು. ಹೆಂಗಸರು ಆರತಿ ಎತ್ತಿದರು.

ದೊರೆಯ ಗಾಡಿಯ ಧೂಳು ಅಡಗುವ ಮುಂಚೆಯೇ ಮುದ್ದೀರಿ ಹೊಳೆಗೆ ಇಳಿದಳು. ಬಿದಿರಿನ ಕೂಳಿ ಒಡ್ಡಿದಳು, ಗಾಳ ಹಾಕಿದಳು, ಸೆರಗು ಹಿಡಿದು ಜಾಲಾಡಿದಳು. ಹುಚ್ಚಿ ಯಾವುದೋ ಬೊಟ್ಟಿಲ್ಲದ ಮೀನು ಹಿಡೀತಾಳೆ, ಬಿಡಿ ಅಂತ ಜನ ಬಿಟ್ಟರು. ಎರಡು ದಿನಕ್ಕೆ ಎಂಟು ಹಿಡಿದು ದಡಕ್ಕೆ ಎಸೆದಳು. ಒಂದೊಂದರ ಹೊಟ್ಟೆ ಸೀಳಿದಾಗಲೂ ಮರಿಗಳು, ಅರೆಜೀರ್ಣವಾದ ಮರಿಗಳು. ಮೂರನೆಯ ದಿನ ಇನ್ನೊಂದು ಸಿಕ್ಕಿತು. ಉಳಿದವು ಮೂರು.

ಆಗಲೇ ಮೇಲೆ ಗುಡುಗಿತು. ಕೆಂ‍ಪು ನೀರು ಬಂತು.

ಹನ್ನೆರಡು ವರ್ಷದ ಮೇಲೆ ಊರಿನವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಮೀನು ಮರಳಿದೆಯಲ್ಲ ಅಂತ ಹಳದಿ ಮಿಂಚಿಗೂ ಕಾಯದೆ ಹೊಸ ಸೂಲಗಿತ್ತಿ ದಂಡೆಗೆ ನಿಂತು ಮೂರು ಸಲ ಕೂಗಿದಳು. ಬಲೆಗಳು ಅಟ್ಟಕ್ಕೆ ಹೋದವು. ಹೊಳೆಯೊಳಗೆ ಉಳಿದದ್ದು ಮುದ್ದೀರಿ ಒಬ್ಬಳೇ, ಎದೆಮಟ್ಟದ ನೀರಿನಲ್ಲಿ, ಕೈಯಲ್ಲಿ ಕೂಳಿ. ಮೇಲೆ ಬಾ ಅಂದರು. ಬರಲಿಲ್ಲ. ಸೂಲಗಿತ್ತಿಯ ಮಗಳಾಗಿ ಪುರುಡು ಕೆಡಿಸ್ತೀಯಾ, ನಿಮ್ಮವ್ವ ಗುಣಿಯಲ್ಲಿ ಹೊರಳಾಡ್ತಾಳೆ ಅಂದರು. ಅವಳು, ಇನ್ನು ಮೂರೇ, ಇನ್ನು ಮೂರೇ ಅನ್ನುತ್ತಿದ್ದಳು. ದಂಡೆಯಿಂದಲೇ ಹಗ್ಗ ಎಸೆದು ಎಳೆದುಕೊಂಡರು. ಹುಣಸೆಮರಕ್ಕೆ ಕಟ್ಟಿದರು. ಹೊಡೆಯಲಿಲ್ಲ. ಒಳ್ಳೆಯ ಜನ. ಬೆಚ್ಚಗಿರಲಿ ಅಂತ ಕಂಬಳಿ ಹೊದಿಸಿದರು.

ಹನ್ನೊಂದು ದಿನ ಅವಳು ಮರದ ಬುಡದಿಂದ ಹೊಳೆ ನೋಡಿದಳು. ಅರಮನೆಯ ಕೊಳದಲ್ಲಿ ಮುಕ್ಕಕ್ಕೆ ಮೊಟ್ಟೆ ಅಂಟಿಸೋಕೆ ಹುಲ್ಲಿರಲಿಲ್ಲ. ಇಲ್ಲಿ ದಂಡೆಯುದ್ದಕ್ಕೂ ಜೊಂಡು. ಬಲೆ ಇಲ್ಲ, ಗಾಳ ಇಲ್ಲ, ಒಂದು ಕಾಲಿನ ಸದ್ದಿಲ್ಲ. ಮುಕ್ಕಗಳಿಗೆ ಅಂಥ ಸುಖ ಎಲ್ಲಿ ಸಿಗಬೇಕು?

ತಿಪ್ಪ ದಿನಾ ಗಂಜಿ ತಂದು ಕುಡಿಸುತ್ತಿದ್ದ. ಐದು ದಿನ ಅವಳು ಅವನ ಮುಖ ನೋಡಲಿಲ್ಲ. ಆರನೆಯ ದಿನ ಕೇಳಿದಳು.

"ಯಾಕೆ ಹಂಗಂದೆ?"

"ನಿನ್ನ ತಲೆ ಉಳೀಲಿ ಅಂತ."

ಮುದ್ದೀರಿ ಅವನ ಹೆಬ್ಬೆರಳಿಲ್ಲದ ಕೈ ನೋಡಿದಳು. "ನಾನೂ ಅಷ್ಟೇ ಅಂದುಕೊಂಡೆ," ಅಂದಳು, "ನಿನ್ನ ಬೆರಳು ಉಳೀಲಿ ಅಂತ." ಗಂಜಿ ಕುಡಿದಳು. ಅವನು ಬಟ್ಟಲು ತೊಳೆಯೋಕೆ ಹೊಳೆಗೆ ಹೋಗುವಂತಿರಲಿಲ್ಲ. ಬಾವಿಗೆ ಹೋದ.

ಮುಂದಿನ ವರ್ಷ ಹೊಳೆಯಲ್ಲಿ ಏನಿತ್ತು? ಮುಕ್ಕ. ಅದರ ಮುಂದಿನ ವರ್ಷ? ಮುಕ್ಕ. ಮೂರನೆಯ ವರ್ಷ ಬಲೆ ಹಾಕಿದರೆ ಎತ್ತಲಾಗದಷ್ಟು ಮುಕ್ಕ. ಊರಿನವರು ಹೊಟ್ಟೆ ತುಂಬ ತಿಂದರು, ಸಂತೆಗೆ ಒಯ್ದರು. ದೊರೆ ಮೀನು ತಂದುಬಿಟ್ಟ ಮೇಲೆ ಹೊಳೆ ಎಷ್ಟು ಫಲವಂತಿಯಾಯಿತು ಅಂತ ಹೊಗಳಿದರು. ಹಳದಿ ಮಿಂಚು ಕಾಣದಿದ್ದರೂ ಕೆಂಪು ನೀರು ಬಂದ ದಿನ ಪುರುಡು ಕೂಗಿದರು, ಒಬ್ಬರಿಗಾದರೂ ಏನೋ ಕಳೆದುಹೋಗಿದೆ ಅಂತ ಅನಿಸಲಿಲ್ಲ.

ಮುದ್ದೀರಿ ಕಂಡವರಿಗೆಲ್ಲ ನಿಜ ಹೇಳುತ್ತಿದ್ದಳು. ಅವರು ಹೂಂ ಹೂಂ ಅಂದು ಮುಂದೆ ಹೋಗುತ್ತಿದ್ದರು. ಆಮೇಲೆ ಒಂದು ದಿನ ದೊರೆ ಸತ್ತ. ಇನ್ನು ಯಾರ ತಲೆಗೂ ಭಯವಿಲ್ಲ ಅಂತ ತಿಪ್ಪ ಊರನ್ನೆಲ್ಲ ಸೇರಿಸಿದ. ಅವಳು ಹೇಳಿದ್ದು ನಿಜ, ಸುಳ್ಳು ಹೇಳಿದವನು ನಾನು ಅಂದ. ಎಂದೂ ಸುಳ್ಳು ಹೇಳದ ತಿಪ್ಪ. ಆಮೇಲೆ ಹಿರಿಯನೊಬ್ಬ ಎದ್ದು ಬಂದು, ಅವನ ಬೆನ್ನ ಮೇಲೆ ಕೈ ಇಟ್ಟು, ಪಾಪ, ಇಷ್ಟು ವರ್ಷ ಅವಳ ಜೊತೆ ಬಾಳಿ ಇವನಿಗೂ ಹಿಡೀತು ನೋಡಿ ಅಂದ.

ಕಥೆ ಆಚೆ ದಡಕ್ಕೆ ಹೋಯಿತು, ಹೇಳಿದವಳು ಈಚೆ ದಡದಲ್ಲಿ ಉಳಿದಳು. ಹೂಂ ಅಂದವರೆಲ್ಲ ಎದ್ದು, ಒಂದು ಗುಟುಕು ನೀರು ಕುಡಿದು, ಮನೆಗೆ ಹೋಗಿ.